ಕಚೇರಿಯ ಗಣಕ ಬದಲಾದಾಗ

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ ಬೆಟ್ಟದಪುರವು ಹೆಸರಿಗೆ ತಕ್ಕಂತೆ ಬೆಟ್ಟದ ಅಡಿಯಲ್ಲಿ ನೆಲೆಸಿರುವ ಊರು. ಬೆಟ್ಟದ ನೆತ್ತಿಯ ಮೇಲೆ ಸಿಡಿಲು ಮಲ್ಲಿಕಾರ್ಜುನನ ಗುಡಿಯಿದೆ. ಒಂದು ಕಾಲದಲ್ಲಿ ಈ ಸೀಮೆಯನ್ನು ಚೆಂಗಾಳ್ವ ಅರಸರು ಆಳುತ್ತಿದ್ದರು. ಇಲ್ಲಿಂದ ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳವರೆಗೆ ಹರಡಿರುವ ಹೊಲಗಳಲ್ಲಿ ಹೊಗೆಸೊಪ್ಪು, ರಾಗಿ, ಮುಸುಕಿನ ಜೋಳ, ಶುಂಠಿ ಮುಂತಾದ ಬೆಳೆಗಳನ್ನು ಕಾಣಬಹುದು. ಬಿತ್ತುವ ಕಾಲಕ್ಕೆ ರೈತನಿಗೆ ಹಣ ಬೇಕು, ಗೊಬ್ಬರ ಬೇಕು. ಅದಕ್ಕಾಗಿ ಅವನು ಹೋಗುವುದು ಊರಿನ ಅಥವಾ ನೆರೆಯೂರಿನ ಸಹಕಾರ ಸಂಘದ ಕಚೇರಿಗೆ. ಎರಡು ಕೋಣೆ, ಒಂದು ಗೊಬ್ಬರದ ಉಗ್ರಾಣ, ಒಂದು ಕಬ್ಬಿಣದ ಪೆಟ್ಟಿಗೆ, ಒಬ್ಬ ಕಾರ್ಯದರ್ಶಿ, ಒಬ್ಬಿಬ್ಬರು ಗುಮಾಸ್ತರು, ಇಷ್ಟೇ ಇಂತಹ ಕಚೇರಿಯ ಸಂಸಾರ. ಆದರೆ ನೂರಾರು ಮನೆಗಳ ವರ್ಷದ ಬಾಳು ಅಲ್ಲಿನ ಲೆಕ್ಕದ ಪುಸ್ತಕಗಳಲ್ಲಿ ಅಡಗಿರುತ್ತದೆ.

ಸಹಕಾರ ಸಂಘವು ಕನ್ನಡನಾಡಿಗೆ ಹೊಸದೇನೂ ಅಲ್ಲ. ಗದಗ ತಾಲ್ಲೂಕಿನ ಕಣಗಿನಹಾಳ ಗ್ರಾಮದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಅಂದಿನಿಂದ ಬಹುಕಾಲದವರೆಗೆ ಸಂಘದ ಲೆಕ್ಕವೆಂದರೆ ಕೈಬರಹದ ಲೆಕ್ಕವೇ ಆಗಿತ್ತು. ದಿನವಹಿಯಲ್ಲಿ ಅಂದಂದಿನ ಜಮಾ ಖರ್ಚು, ಖಾತೆಪುಸ್ತಕದಲ್ಲಿ ಒಬ್ಬೊಬ್ಬ ಸದಸ್ಯನಿಗೂ ಒಂದೊಂದು ಹಾಳೆ, ಷೇರು ಪುಸ್ತಕ, ಸಾಲದ ಪುಸ್ತಕ, ದಾಸ್ತಾನು ಪುಸ್ತಕ. ಬಳಿಕ ಅನೇಕ ಕಚೇರಿಗಳಿಗೆ ಗಣಕಯಂತ್ರ ಬಂದಿತು. ಕೆಲವು ಕಡೆ ಅದು ಪತ್ರ ಬರೆಯುವ ಬೆರಳಚ್ಚು ಯಂತ್ರದ ಸ್ಥಾನವನ್ನಷ್ಟೇ ತುಂಬಿತು. ಕೆಲವು ಕಡೆ ಲೆಕ್ಕವೂ ಅದರೊಳಗೆ ಸೇರಿತು. ಈಗ ಆ ಹಳೆಯ ಗಣಕವನ್ನೂ ಬಿಟ್ಟು ಮತ್ತೊಂದು ಬಗೆಯ ಗಣಕ ವ್ಯವಸ್ಥೆಗೆ ಹೋಗಬೇಕಾದ ಕಾಲ ಬಂದಿದೆ. ಪುಸ್ತಕದಿಂದ ಗಣಕಕ್ಕೆ ಹೋಗುವುದು ಕಷ್ಟವೆಂದು ಎಲ್ಲರೂ ಬಲ್ಲರು. ಗಣಕದಿಂದ ಗಣಕಕ್ಕೆ ಹೋಗುವುದರಲ್ಲಿ ಏನು ಕಷ್ಟ ಎಂದು ಹೊರಗಿನವರು ಕೇಳುತ್ತಾರೆ. ಒಳಗಿರುವ ಗುಮಾಸ್ತನೇ ಅದನ್ನು ಬಲ್ಲ.

ಗಣಕಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ವಿಂಡೋಸ್ ಒಂದು ಬಗೆಯದು, ಲಿನಕ್ಸ್ ಇನ್ನೊಂದು ಬಗೆಯದು. ಇದನ್ನು ಆಧರಿಸಿಯೇ ಪತ್ರ ಬರೆಯುವ ತಂತ್ರಾಂಶ, ಲೆಕ್ಕವಿಡುವ ತಂತ್ರಾಂಶ, ಅಚ್ಚು ಹಾಕುವ ಯಂತ್ರ ಎಲ್ಲವೂ ನಿಲ್ಲುತ್ತವೆ. ಇವೆಲ್ಲ ನಿಂತ ನೆಲೆಯನ್ನು ಪ್ಲಾಟ್‌ಫಾರಂ ಎನ್ನುವ ರೂಢಿಯುಂಟು. ಈ ಮಾತು ಪಿರಿಯಾಪಟ್ಟಣದ ಕಡೆಯ ರೈತರಿಗೆ ಅಪರಿಚಿತವಲ್ಲ. ತಂಬಾಕು ಮಂಡಳಿಯ ಹರಾಜು ನಡೆಯುವ ಸ್ಥಳವನ್ನು ಅವರು ಪ್ಲಾಟ್‌ಫಾರಂ ಎಂದೇ ಕರೆಯುತ್ತಾರೆ. ಕರ್ನಾಟಕದಲ್ಲಿ ಈ ಹರಾಜು 1984ರಲ್ಲಿ ಆರಂಭವಾಯಿತು. ಬೇಲು ಕಟ್ಟಿದ ಸೊಪ್ಪು, ತಕ್ಕಡಿ, ಕೊಳ್ಳುವವರು, ಮಾರುವವರು, ಲೆಕ್ಕ ಬರೆಯುವವರು ಎಲ್ಲರೂ ಕೂಡುವ ನೆಲೆ ಅದು. ಆ ನೆಲೆಯನ್ನು ಒಂದೂರಿನಿಂದ ಇನ್ನೊಂದೂರಿಗೆ ಬದಲಿಸಿದರೆ ಸೊಪ್ಪು ಅದೇ, ರೈತನೂ ಅವನೇ. ಆದರೂ ಗಾಡಿಯ ದಾರಿ, ತೂಕದ ಸರದಿ, ಕೊಳ್ಳುವವರ ಮುಖ ಎಲ್ಲವೂ ಬೇರೆಯಾಗುತ್ತವೆ. ಗಣಕದ ನೆಲೆ ಬದಲಾಗುವುದೂ ಬಹುಮಟ್ಟಿಗೆ ಇಂತಹದೇ.

ಹಾಗಾದರೆ ಇದ್ದ ನೆಲೆಯನ್ನು ಬಿಡುವುದೇಕೆ? ಯಂತ್ರ ಕೆಡದಿದ್ದರೂ ಅದರ ಮೂಲ ತಂತ್ರಾಂಶಕ್ಕೆ ಆಯುಷ್ಯ ಮುಗಿಯುತ್ತದೆ. ವಿಂಡೋಸ್ ಎಕ್ಸ್‌ಪಿ ಎಂಬ ವ್ಯವಸ್ಥೆಯು 2001ರಲ್ಲಿ ಬಂದಿತು. ಅದರ ತಯಾರಕರು 2014ರ ಏಪ್ರಿಲ್ 8ರಂದು ಅದಕ್ಕೆ ನೀಡುತ್ತಿದ್ದ ರಕ್ಷಣೆಯನ್ನು ನಿಲ್ಲಿಸಿದರು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಅದೇ ಗತಿಯಾಯಿತು. ಆಮೇಲೆಯೂ ಯಂತ್ರವೇನೋ ಓಡುತ್ತದೆ. ಆದರೆ ಹೊಸದಾಗಿ ಕಂಡುಬರುವ ಬಿರುಕುಗಳನ್ನು ಮುಚ್ಚುವವರಿಲ್ಲದೆ ಅದು ಬೀಗ ಸಡಿಲವಾದ ಪೆಟ್ಟಿಗೆಯಂತಾಗುತ್ತದೆ. ಪರರ ಹಣವನ್ನು ಕಾಯುವ ಕಚೇರಿ ಅಂತಹ ಪೆಟ್ಟಿಗೆಯನ್ನು ನಂಬಿ ಕುಳಿತುಕೊಳ್ಳಲಾಗದು. ಹೊಸ ವಿಂಡೋಸ್‌ಗೆ ಹೋಗೋಣವೆಂದರೆ ಹಳೆಯ ಯಂತ್ರಕ್ಕೆ ಅದನ್ನು ಹೊರುವ ಶಕ್ತಿ ಇರುವುದಿಲ್ಲ. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ತೊಡಗಿಸಿದ ಲಿನಕ್ಸ್ ಉಚಿತವಾಗಿ ದೊರೆಯುತ್ತದೆ, ಹಳೆಯ ಯಂತ್ರದಲ್ಲಿಯೂ ನಡೆಯುತ್ತದೆ. ಆದರೆ ಅಂಗಡಿ ಕಚೇರಿಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಟ್ಯಾಲಿಯಂತಹ ಲೆಕ್ಕದ ತಂತ್ರಾಂಶವು ವಿಂಡೋಸ್‌ಗೆಂದೇ ರಚಿತವಾದುದು. ಹೀಗೆ ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಗಿಯುತ್ತದೆ.

ಸಹಕಾರ ಸಂಘಗಳಿಗಾದರೋ ಸರ್ಕಾರದಿಂದಲೇ ಕರೆ ಬಂದಿತು. 2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಒಪ್ಪಿಗೆ ನೀಡಿತು. ಅದರ ಅಂದಾಜು ವೆಚ್ಚ 2,516 ಕೋಟಿ ರೂಪಾಯಿ. ಎಲ್ಲ ಸಂಘಗಳೂ ಒಂದೇ ಬಗೆಯ ಲೆಕ್ಕದ ತಂತ್ರಾಂಶವನ್ನು ಬಳಸಬೇಕು, ಅದು ಆಯಾ ನಾಡಿನ ಭಾಷೆಯಲ್ಲಿಯೂ ಇರಬೇಕು ಎಂಬುದು ಯೋಜನೆಯ ಆಶಯ. ಕರ್ನಾಟಕದ ಸಂಘಗಳೂ ಇದರಲ್ಲಿ ಸೇರಿವೆ. ಅದುವರೆಗೆ ಒಂದೊಂದು ಸಂಘವೂ ತನಗೆ ತೋಚಿದ ತಂತ್ರಾಂಶವನ್ನೋ ಬರಿಯ ಪುಸ್ತಕವನ್ನೋ ಅವಲಂಬಿಸಿದ್ದಿತು. ಅವೆಲ್ಲವನ್ನೂ ಒಂದೇ ನೆಲೆಗೆ ತರುವುದು ಹಲವು ಊರುಗಳ ಮಾಪುಗಳನ್ನು ಒಂದೇ ಸೇರಿಗೆ ಅಳೆದಿಡುವಷ್ಟು ತಾಳ್ಮೆಯ ಕೆಲಸ.

ಕನ್ನಡದ ಕಚೇರಿಗೆ ಇಲ್ಲಿ ಎದುರಾಗುವ ಮೊದಲ ವಿಘ್ನ ಕನ್ನಡದ್ದೇ. ಹಳೆಯ ಗಣಕದಲ್ಲಿ ಅಂದವಾಗಿ ಕಾಣುತ್ತಿದ್ದ ಸದಸ್ಯರ ಪಟ್ಟಿಯನ್ನು ಹೊಸ ಗಣಕದಲ್ಲಿ ತೆರೆದರೆ ಒಂದು ಹೆಸರೂ ಓದಲು ಬರುವುದಿಲ್ಲ. ಕನ್ನಡವಿದ್ದೆಡೆಯಲ್ಲಿ ಯಾವುದೋ ಲಿಪಿಯ ಅಕ್ಷರಗಳು, ಚಿಹ್ನೆಗಳು, ಚುಕ್ಕೆಗಳು ಎದ್ದು ನಿಲ್ಲುತ್ತವೆ. ಇದು ಹೇಗಾಗುತ್ತದೆಂಬುದನ್ನು ಸ್ವಲ್ಪ ವಿವರವಾಗಿಯೇ ತಿಳಿಯಬೇಕು.

ಗಣಕಕ್ಕೆ ಅಕ್ಷರ ಗೊತ್ತಿಲ್ಲ. ಅಂಕಿ ಮಾತ್ರ ಗೊತ್ತು. ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿ, ಆ ಸಂಖ್ಯೆಯನ್ನು ಅದು ಕಾದಿಡುತ್ತದೆ. ಮೊದಲ ದಿನಗಳಲ್ಲಿ ಈ ಸಂಖ್ಯೆಗಳೆಲ್ಲ ಆಂಗ್ಲ ಮೊದಲಾದ ಪಾಶ್ಚಾತ್ಯ ಭಾಷೆಗಳಿಗೇ ಹಂಚಿಹೋಗಿದ್ದುವು. ಇದ್ದ ಮನೆಗಳು 256 ಮಾತ್ರ. ಕನ್ನಡದಲ್ಲಿಯಾದರೋ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ಸಾವಿರಾರು ರೂಪಗಳಾಗುತ್ತವೆ. ಇವುಗಳನ್ನು 256 ಮನೆಗಳಲ್ಲಿ ಹೇಗೆ ತುಂಬುವುದು? ಆಗ ಜಾಣರು ಒಂದು ಉಪಾಯ ಕಂಡುಕೊಂಡರು. ಅಚ್ಚಿನ ಮೊಳೆ ಜೋಡಿಸುವವರಂತೆ ಅಕ್ಷರಗಳನ್ನು ತುಂಡು ಮಾಡಿದರು. ಅಕ್ಷರದ ಒಡಲು ಒಂದು ತುಂಡು, ತಲೆಕಟ್ಟು ಒಂದು ತುಂಡು, ಒತ್ತು ಇನ್ನೊಂದು ತುಂಡು. ಆ ತುಂಡುಗಳನ್ನು ಪಾಶ್ಚಾತ್ಯ ಅಕ್ಷರಗಳ ಮನೆಗಳಲ್ಲಿಯೇ ಕೂರಿಸಿದರು.

'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಬಹುದು. ನುಡಿ ತಂತ್ರಾಂಶದ ಹಳೆಯ ಕ್ರಮದಲ್ಲಿ ಇದು ಏಳು ತುಂಡು. ಕಕಾರದ ಒಡಲು, ತಲೆಕಟ್ಟು, ನಕಾರದ ಒಡಲು, ಮತ್ತೆ ತಲೆಕಟ್ಟು, ನಕಾರದ ಒತ್ತು, ಡಕಾರದ ಒಡಲು, ಮತ್ತೊಮ್ಮೆ ತಲೆಕಟ್ಟು. ಕಕಾರದ ಒಡಲು ಕುಳಿತಿರುವುದು ಆಂಗ್ಲದ 'ಪಿ' ಅಕ್ಷರದ ಮನೆಯಲ್ಲಿ. ತಲೆಕಟ್ಟಿಗೆ ದೊರೆತುದು ನೆತ್ತಿಯ ಮೇಲೆ ಓರೆಗೆರೆಯುಳ್ಳ 'ಎ' ಅಕ್ಷರದ ಮನೆ. ನಕಾರಕ್ಕೆ ಬ್ರಿಟನ್ನಿನ ಹಣದ ಪೌಂಡ್ ಚಿಹ್ನೆಯ ಮನೆ, ಅದರ ಒತ್ತಿಗೆ ಜರ್ಮನ್ ಭಾಷೆಯ ಒಂದು ಅಕ್ಷರದ ಮನೆ, ಡಕಾರಕ್ಕೆ 'ಕ್ಯೂ' ಅಕ್ಷರದ ಮನೆ. ನುಡಿಯ ಅಕ್ಷರವಿನ್ಯಾಸ, ಎಂದರೆ ಫಾಂಟ್, ಗಣಕದಲ್ಲಿ ಇರುವವರೆಗೆ ಇವು ಕನ್ನಡದ ವೇಷದಲ್ಲಿ ಕಾಣಿಸಿಕೊಳ್ಳುತ್ತವೆ. ಫಾಂಟ್ ಇಲ್ಲದ ಗಣಕಕ್ಕೆ ಹೋದೊಡನೆ ವೇಷ ಕಳಚಿ, ಮನೆಯ ಮೂಲ ಒಡೆಯರಾದ ಪೌಂಡು, ಜರ್ಮನ್ ಅಕ್ಷರಗಳು ಹೊರಬರುತ್ತವೆ. ಗಣಕದ ಮಟ್ಟಿಗೆ ಅಲ್ಲಿ ಕನ್ನಡವು ಎಂದೂ ಇರಲೇ ಇಲ್ಲ. ಕನ್ನಡದ ಚಿತ್ರ ಮಾತ್ರ ಇತ್ತು.

ಈ ಉಪಾಯವನ್ನು ಇಂದು ಹಳಿಯುವುದು ಸುಲಭ. ಆದರೆ ಅದಿಲ್ಲದಿದ್ದರೆ ಕನ್ನಡದ ಕಚೇರಿಗಳು ಆಂಗ್ಲದಲ್ಲಿಯೇ ಉಳಿಯುತ್ತಿದ್ದುವು. ಮೊದಮೊದಲು ಒಂದೊಂದು ಸಂಸ್ಥೆಯೂ ತುಂಡುಗಳನ್ನು ತನ್ನಿಚ್ಛೆಯಂತೆ ಜೋಡಿಸುತ್ತಿದ್ದುದರಿಂದ ಒಬ್ಬರು ಬರೆದುದನ್ನು ಇನ್ನೊಬ್ಬರು ಓದಲಾಗುತ್ತಿರಲಿಲ್ಲ. ಆ ಗೊಂದಲವನ್ನು ತೊಡೆಯಲು ರಾಜ್ಯ ಸರ್ಕಾರವು ಒಂದು ಸಮಾನ ಕ್ರಮವನ್ನು ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತು ನುಡಿಯನ್ನು ಸಿದ್ಧಪಡಿಸಿತು. ಶೇಷಾದ್ರಿವಾಸು ಅವರ ಬರಹ ತಂತ್ರಾಂಶವು 1998ರಿಂದಲೇ ಜನರ ಕೈಗೆ ಬಂದಿತ್ತು. ಆ ಕಾಲಕ್ಕೆ ಇವು ಮಾಡಿದ ಉಪಕಾರ ಸಣ್ಣದಲ್ಲ.

ಶಾಶ್ವತವಾದ ಪರಿಹಾರ ಬೇರೆಯ ದಾರಿಯಿಂದ ಬಂದಿತು. ಜಗತ್ತಿನ ಎಲ್ಲ ಲಿಪಿಗಳಿಗೂ ಅವುಗಳದೇ ಆದ ಸಂಖ್ಯೆಗಳನ್ನು ಕೊಡುವ ಯೂನಿಕೋಡ್ ಎಂಬ ಏರ್ಪಾಡು 1991ರಲ್ಲಿ ಪ್ರಕಟವಾಯಿತು. ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೂ ಸ್ಥಾನವಿತ್ತು. ಭಾರತದ ಲಿಪಿಗಳಿಗೆಂದು 1988ರಲ್ಲಿ ಈ ದೇಶದಲ್ಲಿಯೇ ರೂಪುಗೊಂಡಿದ್ದ ಇಸ್ಕಿ ಎಂಬ ಸಂಕೇತಕ್ರಮವೇ ಅದಕ್ಕೆ ಅಡಿಪಾಯ. ಕನ್ನಡಕ್ಕೆ ದೊರೆತುದು 128 ಮನೆಗಳ ಒಂದು ಕೇರಿ. ಹಳಗನ್ನಡದಲ್ಲಿ ಮಾತ್ರ ಕಾಣಸಿಗುವ ಱ ಮತ್ತು ೞ ಅಕ್ಷರಗಳಿಗೂ ಅಲ್ಲಿ ಮನೆಗಳಿವೆಯೆಂಬುದು ಸಂತೋಷದ ವಿಷಯ. ಈ ಕ್ರಮದಲ್ಲಿ 'ಕನ್ನಡ' ಎಂಬುದು ಐದು ಸಂಖ್ಯೆಗಳಾಗಿ ನಿಲ್ಲುತ್ತದೆ. ಕ, ನ, ಅಕಾರವನ್ನು ತೆಗೆದುಹಾಕುವ ಒಂದು ಚಿಹ್ನೆ, ಮತ್ತೆ ನ, ಕೊನೆಗೆ ಡ. ಇದು ವ್ಯಾಕರಣದಲ್ಲಿ ಸಂಯುಕ್ತಾಕ್ಷರವನ್ನು ಬಿಡಿಸಿ ಹೇಳುವ ರೀತಿಗೆ ಬಹಳ ಸಮೀಪವಾದುದು. ತಲೆಕಟ್ಟು ಹೇಗೆ ಬರೆಯಬೇಕು, ಒತ್ತು ಎಲ್ಲಿ ಕೂರಬೇಕು ಎಂಬುದನ್ನು ಫಾಂಟ್ ನೋಡಿಕೊಳ್ಳುತ್ತದೆ. ಫಾಂಟ್ ಬದಲಾದರೂ ಅಕ್ಷರ ಬದಲಾಗುವುದಿಲ್ಲ. ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ಕನ್ನಡ ಫಾಂಟಿಗೆ ತುಂಗಾ ಎಂದು ನದಿಯ ಹೆಸರಿಟ್ಟರು. ಲಿನಕ್ಸ್‌ನಲ್ಲಿ ದೊರೆಯುವ ಕನ್ನಡ ಫಾಂಟುಗಳಲ್ಲಿ ಗುಬ್ಬಿ, ನವಿಲು ಎಂಬ ಹೆಸರಿನವೂ ಇವೆ. ತುಂಗೆಯಲ್ಲಿ ಬರೆದುದನ್ನು ನವಿಲಿನಲ್ಲಿ ಓದಿದರೆ ಅಂದ ಬೇರೆಯಾದೀತು, ಅರ್ಥ ಕೆಡದು.

ಆದುದರಿಂದ ನೆಲೆ ಬದಲಿಸುವ ಕಚೇರಿಯ ಮೊದಲ ಕೆಲಸ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವುದು. ಇದಕ್ಕೆಂದು ಕನ್ನಡದ ಉತ್ಸಾಹಿಗಳು ಪರಿವರ್ತಕಗಳನ್ನು ರಚಿಸಿ ಉಚಿತವಾಗಿ ಹಂಚಿದ್ದಾರೆ. ಪರಿವರ್ತಕವು ನೂರಾರು ಪುಟಗಳನ್ನು ಕ್ಷಣಾರ್ಧದಲ್ಲಿ ತಿರುಗಿಸುತ್ತದೆ. ಆದರೂ ಅದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಅರ್ಕಾವೊತ್ತು ತನ್ನ ಸ್ಥಾನ ತಪ್ಪಬಹುದು; ನಡುವೆ ಆಂಗ್ಲದಲ್ಲಿ ಬರೆದ ಸರ್ವೆ ಸಂಖ್ಯೆಯ ಅಕ್ಷರವು ಕನ್ನಡವೆಂದು ಭ್ರಮಿಸಲ್ಪಟ್ಟು ವಿಕಾರವಾಗಬಹುದು. ಒಬ್ಬರು ಹಳೆಯ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತ, ಇನ್ನೊಬ್ಬರು ಹೊಸ ಪಟ್ಟಿಯ ಮೇಲೆ ಬೆರಳಿಟ್ಟು ನೋಡುತ್ತ ಹೋಗುವುದೇ ಇದಕ್ಕೆ ಮದ್ದು. ತಾಳೆಯ ಗರಿಯಿಂದ ಪ್ರತಿಯೆತ್ತುತ್ತಿದ್ದವರು ಬಳಸಿದ ಕ್ರಮಕ್ಕಿಂತ ಇದು ಬಹಳ ಮುಂದೆ ಹೋಗಿಲ್ಲ. ಪರಿವರ್ತನೆಯಾದ ಮೇಲೆ ಒಂದು ಲಾಭ ಕೂಡಲೇ ಕಾಣುತ್ತದೆ. ಹಳೆಯ ಕ್ರಮದಲ್ಲಿ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸೆಂದರೆ ಗಣಕವು ಆಂಗ್ಲದ ಮನೆಗಳ ವರಸೆಯಂತೆ ಜೋಡಿಸುತ್ತಿತ್ತು. ಈಗ ವರ್ಣಮಾಲೆಯ ವರಸೆ ದೊರೆಯುತ್ತದೆ. ಹುಡುಕಿದ ಹೆಸರು ಸಿಕ್ಕುತ್ತದೆ.

ಗುಮಾಸ್ತನ ಬೆರಳುಗಳ ಸಂಗತಿಯನ್ನೂ ಇಲ್ಲಿ ಹೇಳಬೇಕು. ಹತ್ತು ಹದಿನೈದು ವರ್ಷ ಒಂದೇ ಕೀಲಿಮಣೆಯಲ್ಲಿ ಬರೆದವನಿಗೆ ಕಣ್ಣಿಗಿಂತ ಮೊದಲು ಬೆರಳು ದಾರಿ ಹಿಡಿಯುತ್ತದೆ. ನೆಲೆ ಬದಲಾದಾಗ ಆ ಅಭ್ಯಾಸವೂ ಹೋದೀತೆಂಬ ಭಯವೇ ಅನೇಕರ ವಿರೋಧಕ್ಕೆ ಕಾರಣ. ಅದೃಷ್ಟವಶಾತ್ ಕನ್ನಡಿಗರಿಗೆ ಈ ಭಯ ಬೇಕಿಲ್ಲ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾಯರು ರೂಪಿಸಿದ ಕೀಲಿಮಣೆ ವಿನ್ಯಾಸವು ನುಡಿಯಲ್ಲಿಯೂ ಇದೆ, ಲಿನಕ್ಸ್‌ನಲ್ಲಿಯೂ ದೊರೆಯುತ್ತದೆ. ಆಂಗ್ಲ ಕೀಲಿಮಣೆಯ 26 ಅಕ್ಷರದ ಕೀಲಿಗಳಲ್ಲಿಯೇ ಕನ್ನಡದ ಎಲ್ಲ ಅಕ್ಷರಗಳನ್ನೂ ಅಡಗಿಸಿದ ವಿನ್ಯಾಸ ಅದು. 'ಎಫ್' ಕೀಲಿಯನ್ನು ನಡುವೆ ಒತ್ತಿದರೆ ಮುಂದಿನ ವ್ಯಂಜನವು ಒತ್ತಾಗಿ ಕೆಳಗೆ ಇಳಿಯುತ್ತದೆ. ಯಂತ್ರ ಬದಲಾಗಿ, ವ್ಯವಸ್ಥೆ ಬದಲಾಗಿ, ಸಂಕೇತವೂ ಬದಲಾದ ಮೇಲೆ ಬದಲಾಗದೆ ಉಳಿಯುವುದು ಈ ಬೆರಳ ನಡಿಗೆಯೊಂದೇ.

ಕನ್ನಡದ ತೊಡಕನ್ನು ತಪ್ಪಿಸಿಕೊಳ್ಳಲು ಸದಸ್ಯರ ಹೆಸರುಗಳನ್ನು ಆಂಗ್ಲ ಲಿಪಿಯಲ್ಲಿಯೇ ಬರೆದಿಟ್ಟ ಕಚೇರಿಗಳು ಉಂಟು. ಅವರ ಕಷ್ಟ ಬೇರೆಯ ಬಗೆಯದು. ಆಂಗ್ಲ ಲಿಪಿಯಲ್ಲಿ ಲಕಾರಕ್ಕೂ ಳಕಾರಕ್ಕೂ ಭೇದವಿಲ್ಲ. ದಕಾರ ಡಕಾರಗಳಿಗೂ ಇಲ್ಲ. ಹ್ರಸ್ವ ದೀರ್ಘಗಳನ್ನು ಯಾರೂ ಲೆಕ್ಕಿಸುವುದಿಲ್ಲ. ಕಾಳಯ್ಯನೂ ಕಾಲಯ್ಯನೂ ಅಲ್ಲಿ ಒಬ್ಬನೇ ಆಗುತ್ತಾರೆ. ಅದನ್ನು ಮರಳಿ ಕನ್ನಡಕ್ಕೆ ತರುವಾಗ ಯಾರನ್ನು ಯಾರೆಂದು ಬರೆಯುವುದು? ಬೆಟ್ಟದ ದೇವರ ಹೆಸರನ್ನೇ ಮನೆಮನೆಯ ಮಕ್ಕಳಿಗೂ ಇಡುವ ಸೀಮೆಗಳಲ್ಲಿ ಒಂದೇ ಊರಿನಲ್ಲಿ ಹಲವು ಮಂದಿ ಮಲ್ಲಿಕಾರ್ಜುನರು ಸಿಕ್ಕುವುದು ಸಹಜ. ತಂದೆಯ ಹೆಸರು, ಸರ್ವೆ ಸಂಖ್ಯೆಗಳನ್ನು ಸೇರಿಸಿ ನೋಡದೆ ಅವರನ್ನು ಬೇರ್ಪಡಿಸಲಾಗದು. 2018ರಲ್ಲಿ ರಾಜ್ಯ ಸರ್ಕಾರವು ಬೆಳೆಸಾಲ ಮನ್ನಾ ಮಾಡಿದಾಗ ರೈತನು ಆಧಾರ್, ಪಡಿತರ ಚೀಟಿ ಮತ್ತು ಪಹಣಿಗಳ ವಿವರಗಳನ್ನು ಒದಗಿಸಬೇಕಾಯಿತು. ಹೀಗೆ ಒಂದು ಪತ್ರವನ್ನು ಇನ್ನೊಂದರೊಡನೆ ಹೋಲಿಸಿ ನೋಡುವಾಗ ಹೆಸರಿನ ಒಂದು ಅಕ್ಷರವೇ ಸೌಲಭ್ಯಕ್ಕೆ ಅಡ್ಡವಾಗಿ ನಿಲ್ಲಬಲ್ಲುದು. ಅಕ್ಷರದೋಷವನ್ನು ಶಾಲೆಯಲ್ಲಿ ಅರ್ಧ ಅಂಕದಿಂದ ಅಳೆಯುತ್ತಾರೆ. ಇಲ್ಲಿ ಅದರ ಬೆಲೆ ಬೇರೆ.

ಹೆಸರುಗಳಾದ ಮೇಲೆ ಹಣದ ಸರದಿ. ಹಳೆಯ ಲೆಕ್ಕವನ್ನು ನಡುದಾರಿಯಲ್ಲಿ ಎತ್ತಿ ಹೊಸ ನೆಲೆಯಲ್ಲಿ ಇಡಲಾಗದು. ಒಂದು ದಿನವನ್ನು ಗೊತ್ತುಮಾಡಿ, ಅಂದಿನ ಸಂಜೆಗೆ ಹಳೆಯ ಲೆಕ್ಕವನ್ನು ಪೂರ್ಣವಾಗಿ ಮುಗಿಸಿ, ತಾಳೆಪಟ್ಟಿ ತಯಾರಿಸಿ, ಅದರ ಶಿಲ್ಕುಗಳನ್ನು ಹೊಸ ಲೆಕ್ಕದ ಆರಂಭದ ಶಿಲ್ಕುಗಳನ್ನಾಗಿ ಬರೆಯಬೇಕು. ಆರ್ಥಿಕ ವರ್ಷ ಮುಗಿಯುವ ಮಾರ್ಚ್ 31 ಇದಕ್ಕೆ ಅನುಕೂಲವಾದ ದಿನ. ಜಮೆಯ ಮೊತ್ತವೂ ಖರ್ಚಿನ ಮೊತ್ತವೂ ಸರಿಹೊಂದಿದರೆ ಕೆಲಸ ಮುಗಿಯಿತೆಂದು ಅನುಭವವಿಲ್ಲದವರು ತಿಳಿಯುತ್ತಾರೆ. ಅದು ಸರಿಯಲ್ಲ. ಕಾಳಯ್ಯನು ಕಟ್ಟಿದ 5,000 ರೂಪಾಯಿಯನ್ನು ಕಾಲಯ್ಯನ ಖಾತೆಗೆ ಜಮೆ ಮಾಡಿದರೂ ಒಟ್ಟು ಮೊತ್ತದಲ್ಲಿ ಒಂದು ಪೈಸೆಯ ವ್ಯತ್ಯಾಸವೂ ತೋರದು. ತಾಳೆಪಟ್ಟಿಯು ನಗುನಗುತ್ತ ಸರಿಯೆನ್ನುತ್ತದೆ. ಕಾಳಯ್ಯನ ಸಾಲ ಮಾತ್ರ ತೀರಿರುವುದಿಲ್ಲ. ಇಂತಹ ದೋಷವನ್ನು ಯಾವ ಯಂತ್ರವೂ ಕಂಡುಹಿಡಿಯಲಾರದು. ಒಬ್ಬೊಬ್ಬ ಸದಸ್ಯನನ್ನೂ ಕರೆದು, ಅವನ ಪಾಸುಪುಸ್ತಕದೊಡನೆ ಹೋಲಿಸಿ, ಅವನಿಗೆ ಓದಿ ಹೇಳಿ, ಸರಿಯೆಂದು ಸಹಿ ಪಡೆಯುವ ಸಂಘಗಳು ಜಾಣ ಸಂಘಗಳು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಹಿಡಿಯಲಿ.

ದಿನಾಂಕವು ಇನ್ನೊಂದು ಗುಪ್ತ ಶತ್ರು. 05-06 ಎಂದು ಬರೆದರೆ ನಮ್ಮವರಿಗೆ ಜೂನ್ ತಿಂಗಳ 5ನೆಯ ದಿನ. ಅಮೆರಿಕದ ರೂಢಿಯನ್ನು ಅನುಸರಿಸುವ ತಂತ್ರಾಂಶಕ್ಕೆ ಅದು ಮೇ ತಿಂಗಳ 6ನೆಯ ದಿನ. ಹೊಸ ಗಣಕದಲ್ಲಿ ಈ ಏರ್ಪಾಡನ್ನು ಸರಿಪಡಿಸದೆ ಹಳೆಯ ಪಟ್ಟಿಯನ್ನು ತುಂಬಿದರೆ, 12ರವರೆಗಿನ ದಿನಾಂಕಗಳೆಲ್ಲ ಸದ್ದಿಲ್ಲದೆ ತಿರುವುಮುರುವಾಗುತ್ತವೆ. 13ರಿಂದ ಮುಂದಿನವು ಮಾತ್ರ ತಪ್ಪೆಂದು ಕೂಗಿಕೊಳ್ಳುತ್ತವೆ. ಇದರ ಫಲ ಕಿರಿದಲ್ಲ. ಸಹಕಾರ ಸಂಘಗಳ ಮೂಲಕ ದೊರೆಯುವ ಅಲ್ಪಾವಧಿ ಬೆಳೆಸಾಲಕ್ಕೆ ಕರ್ನಾಟಕದಲ್ಲಿ ಒಂದು ಮಿತಿಯವರೆಗೆ ಬಡ್ಡಿಯಿಲ್ಲ. 2023ರ ಆಯವ್ಯಯದಲ್ಲಿ ಆ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಆದರೆ ಗಡುವಿನೊಳಗೆ ಸಾಲ ತೀರಿಸಿದವನಿಗೆ ಮಾತ್ರ ಈ ಅನುಕೂಲ. ಸರಿಯಾದ ದಿನಕ್ಕೆ ಹಣ ಕಟ್ಟಿದ ರೈತನು ಗಣಕದ ಕಣ್ಣಿಗೆ ತಡಮಾಡಿದವನಾಗಿ ಕಂಡರೆ, ಹೊಗೆಸೊಪ್ಪು ಮಾರಿ ಬಂದ ಹಣದಲ್ಲಿ ಅವನು ಬಡ್ಡಿಯನ್ನೂ ತೆರಬೇಕಾಗುತ್ತದೆ.

ಈ ಕಾರಣದಿಂದಲೇ ಅನುಭವಿಗಳು ಒಂದೆರಡು ತಿಂಗಳ ಕಾಲ ಹಳೆಯದನ್ನೂ ಹೊಸದನ್ನೂ ಜೊತೆಜೊತೆಯಾಗಿ ನಡೆಸುತ್ತಾರೆ. ಅದೇ ರಸೀದಿಯನ್ನು ಎರಡು ಕಡೆಯೂ ಬರೆದು, ಸಂಜೆ ಎರಡರ ಶಿಲ್ಕನ್ನೂ ಪೆಟ್ಟಿಗೆಯ ನಗದಿನೊಡನೆ ತಾಳೆ ನೋಡುವುದು. ಗುಮಾಸ್ತರಿಗೆ ಇದು ಇಮ್ಮಡಿ ದುಡಿಮೆ. ಗೊಣಗುವುದು ಅವರ ಹಕ್ಕು. ಎತ್ತಿನ ಗಾಡಿಗೆ ಹೊಸ ಎತ್ತನ್ನು ಕಟ್ಟುವವನು ಮೊದಲ ದಿನವೇ ಹೇರು ಹಾಕುವುದಿಲ್ಲವೆಂಬುದನ್ನು ಅವರೂ ಬಲ್ಲರು.

ಸಣ್ಣಪುಟ್ಟ ವಿಷಯಗಳೂ ಇವೆ. ಪಾಸುಪುಸ್ತಕದ ಮೇಲೆ ಕಟಕಟನೆ ಸದ್ದುಮಾಡುತ್ತ ಅಚ್ಚು ಹಾಕುವ ಹಳೆಯ ಮುದ್ರಣಯಂತ್ರವು ಹೊಸ ವ್ಯವಸ್ಥೆಯ ಮಾತನ್ನು ಕೇಳದಿರಬಹುದು. ಬೆರಳಚ್ಚು ಪಡೆಯುವ ಉಪಕರಣಕ್ಕೆ ತಕ್ಕ ತಂತ್ರಾಂಶ ದೊರೆಯದಿರಬಹುದು. ಆದುದರಿಂದ ಗಣಕ ಬದಲಿಸುವ ಮುನ್ನ ಅದಕ್ಕೆ ಕಟ್ಟಿದ ಪ್ರತಿಯೊಂದು ತಂತಿಯ ಇನ್ನೊಂದು ತುದಿಯಲ್ಲಿ ಏನಿದೆಯೆಂದು ನೋಡಿಕೊಳ್ಳಬೇಕು. ಬೆಟ್ಟದ ಸೀಮೆಯಲ್ಲಿ ಮುಂಗಾರಿನ ಮೊದಲ ಗುಡುಗು ಕೇಳಿದೊಡನೆ ತಂತಿಗಳನ್ನು ಕಿತ್ತಿಡುವುದೂ ಒಂದು ವಿದ್ಯೆಯೇ. ದೇವರೇ ಸಿಡಿಲಿನ ಹೆಸರನ್ನು ಹೊತ್ತಿರುವ ಊರಿನಲ್ಲಿ ಲೆಕ್ಕದ ಪ್ರತಿಯೊಂದನ್ನು ಕಚೇರಿಯ ಹೊರಗೆ ಬೇರೆಡೆಯಲ್ಲಿ ಇಡದಿರುವುದು ಸಾಹಸವೆನಿಸೀತು.

ಇಂತಹ ಬದಲಾವಣೆಯನ್ನು ಕರ್ನಾಟಕವು ಒಮ್ಮೆ ಬಹು ದೊಡ್ಡ ಪ್ರಮಾಣದಲ್ಲಿ ಕಂಡಿದೆ. ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಪಹಣಿಗಳನ್ನು ಭೂಮಿ ಯೋಜನೆಯು ಗಣಕಕ್ಕೆ ಏರಿಸಿತು. 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಅಂದಿನ 177 ತಾಲ್ಲೂಕುಗಳಲ್ಲಿ ಗಣಕವನ್ನು ಸೇರಿದವು. ರೈತನು 15 ರೂಪಾಯಿ ತೆತ್ತು ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಪಹಣಿಯ ಪ್ರತಿ ಪಡೆಯುವಂತಾಯಿತು. ಅಲ್ಲಿ ಕೈಗೊಂಡ ಒಂದು ನಿರ್ಧಾರ ಗಮನಾರ್ಹವಾದುದು. ಒಂದು ತಾಲ್ಲೂಕಿನಲ್ಲಿ ಗಣಕದ ಪಹಣಿ ಆರಂಭವಾದೊಡನೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸಾರಿದರು. ಹಳೆಯ ದಾರಿಯನ್ನು ಮುಚ್ಚದಿದ್ದರೆ ಜನರು ಹೊಸ ದಾರಿಯನ್ನು ಹಿಡಿಯುವುದಿಲ್ಲವೆಂಬುದು ಅದರ ಹಿಂದಿನ ವಿವೇಕ. ಆದರೆ ಹಳೆಯ ಪಹಣಿಯಲ್ಲಿದ್ದ ತಪ್ಪು ಗಣಕಕ್ಕೂ ಏರಿದ್ದರೆ ಅದನ್ನು ತಿದ್ದಿಸಲು ರೈತನು ಅಲೆಯಲೇಬೇಕು. ಗಣಕವು ತಪ್ಪನ್ನೂ ಅಷ್ಟೇ ಅಂದವಾಗಿ ಅಚ್ಚುಹಾಕುತ್ತದೆ.

ಹೊರನಾಡುಗಳ ಅನುಭವವೂ ಒಂದೇ ಬಗೆಯಾಗಿಲ್ಲ. ಜರ್ಮನಿಯ ಮ್ಯೂನಿಕ್ ನಗರದ ಆಡಳಿತವು ತನ್ನ ಕಚೇರಿಗಳನ್ನು ವಿಂಡೋಸ್‌ನಿಂದ ಲಿನಕ್ಸ್‌ಗೆ ಬದಲಿಸಲು 2003ರಲ್ಲಿ ನಿರ್ಧರಿಸಿತು. 2013ರ ವೇಳೆಗೆ ಸುಮಾರು 15,000 ಗಣಕಗಳು ಬದಲಾದುವು. ಆದರೆ 2017ರಲ್ಲಿ ಅದೇ ನಗರಸಭೆ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ಹತ್ತು ವರ್ಷ ನಡೆದ ದಾರಿಯನ್ನು ಹಿಂದಕ್ಕೆ ನಡೆದಂತಾಯಿತು. ಇತ್ತ ನಮ್ಮ ನೆರೆಯ ಕೇರಳದಲ್ಲಿ 2001ರಲ್ಲಿ ಆರಂಭವಾದ ಶಾಲಾ ಗಣಕ ಯೋಜನೆಯು ಕ್ರಮೇಣ ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶಕ್ಕೆ ಹೊರಳಿ, ಅಲ್ಲಿಯೇ ನೆಲೆಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದೇ ವ್ಯವಸ್ಥೆಯಲ್ಲಿ ಗಣಕ ಕಲಿಯುತ್ತಾರೆ. ಮೊದಲಿನಿಂದಲೂ ಅದನ್ನೇ ಕಲಿತವರಿಗೆ ಬದಲಿಸಬೇಕಾದ ಅಭ್ಯಾಸವೇ ಇರಲಿಲ್ಲ. ಮ್ಯೂನಿಕ್ಕಿನ ನೌಕರರಿಗೆ ಆ ಅನುಕೂಲ ದೊರೆತಿರಲಿಲ್ಲ.

ಬರೆದುದು ಉಳಿದರೆ ಸಾಲದು, ಅದನ್ನು ಓದುವ ಕ್ರಮವೂ ಉಳಿಯಬೇಕು. ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯವು 1891ರಲ್ಲಿ ಸ್ಥಾಪನೆಯಾದ ಸಂಸ್ಥೆ. ಅಲ್ಲಿಗೆ ಬಂದ ತಾಳೆಗರಿಗಳ ಒಂದು ಕಟ್ಟನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರವಾಗಿತ್ತು. 1909ರಲ್ಲಿ ಅವರು ಅದನ್ನು ಅಚ್ಚು ಮಾಡಿಸಿದರು. ಗರಿಗಳ ಮೇಲಿದ್ದುದು ಗ್ರಂಥ ಲಿಪಿ. ಅದನ್ನು ಬಲ್ಲವರೊಬ್ಬರು ಅಲ್ಲಿದ್ದುದರಿಂದ ಗ್ರಂಥವು ಬೆಳಕು ಕಂಡಿತು. ನುಡಿಯ ಹಳೆಯ ಕಡತಗಳೂ ಈಗ ಅಂತಹ ಗರಿಗಳೇ. ಪರಿವರ್ತಕವು ಅವುಗಳ ಪಾಲಿನ ಲಿಪಿಜ್ಞ. ಪಂಚಾಯಿತಿಗಳಲ್ಲಿ, ಸಂಘಗಳಲ್ಲಿ, ಮುದ್ರಣಾಲಯಗಳಲ್ಲಿ, ಲೇಖಕರ ಮನೆಗಳಲ್ಲಿ ಇಂತಹ ಕಡತಗಳು ತಿರುಗಿಸುವವರನ್ನು ಕಾಯುತ್ತ ಬಿದ್ದಿವೆ.

ಬದಲಾವಣೆ ಮುಗಿದ ಕಚೇರಿಯಲ್ಲಿ ಹಳೆಯ ಗಣಕವನ್ನು ಕೂಡಲೇ ಗುಜರಿಗೆ ಹಾಕುವುದಿಲ್ಲ. ಆ ವರ್ಷದ ಲೆಕ್ಕಪರಿಶೋಧನೆ ಮುಗಿಯುವವರೆಗೆ ಅದು ಮೂಲೆಯ ಮೇಜಿನ ಮೇಲೆ, ಹೊರಗಿನ ಸಂಪರ್ಕದ ತಂತಿ ಕಳಚಿಕೊಂಡು ಕುಳಿತಿರುತ್ತದೆ. ಲೆಕ್ಕಪರಿಶೋಧಕನು ಬಂದು ಹಿಂದಿನ ಸಾಲಿನ ಯಾವುದಾದರೂ ಒಂದು ಖಾತೆಯನ್ನು ಕೇಳಿದರೆ, ಗುಮಾಸ್ತನು ಅದರ ಗುಂಡಿಯನ್ನು ಒತ್ತಿ, ಅದು ಎಚ್ಚರಗೊಳ್ಳುವವರೆಗೆ ಕಾಯುತ್ತಾನೆ. ಅಷ್ಟರಲ್ಲಿ ಕಾರ್ಯದರ್ಶಿಯು ಅಟ್ಟದ ಮೇಲಿನ ಕೆಂಪು ಬಟ್ಟೆಯ ಗಂಟನ್ನು ಬಿಚ್ಚಿ, ಅದಕ್ಕೂ ಹಿಂದಿನ ಕೈಬರಹದ ಖಾತೆಪುಸ್ತಕವನ್ನು ಕೆಳಗಿಳಿಸಿರುತ್ತಾನೆ.